ಶಾಂಘೈಯ ಸಿಲಿಕಾನ್ ಪರ್ವ

ಹುವಾಂಗ್‌ಪು ನದಿ ಶಾಂಘೈ ನಗರವನ್ನು ಎರಡಾಗಿ ಸೀಳಿ ಹರಿಯುತ್ತದೆ. ಪಶ್ಚಿಮ ದಂಡೆಯಲ್ಲಿ ಹಳೆಯ ಬ್ಯಾಂಕುಗಳು, ಹಳೆಯ ಹೋಟೆಲುಗಳು, ಪರದೇಶಿ ವ್ಯಾಪಾರಿಗಳು ಆಳಿ ಹೋದ ಬೀದಿಗಳು. ಪೂರ್ವದ ದಂಡೆಯೇ ಪುಡಾಂಗ್. 1990ರ ತನಕ ಅದರ ಬಹುಭಾಗ ಹೊಲ, ಕಾಲುವೆ, ಗೋದಾಮು ಇಷ್ಟೇ ಆಗಿತ್ತು. ಅದರ ಒಳನಾಡಿನಲ್ಲಿ ಝಾಂಗ್‌ಜಿಯಾಂಗ್ ಎಂಬ ಊರಿದೆ. 2000ದ ಆಗಸ್ಟ್ ತಿಂಗಳಲ್ಲಿ ಅಲ್ಲಿ ಒಂದು ಕಾರ್ಖಾನೆಯ ಅಡಿಪಾಯದ ಕಂಬಗಳು ನೆಲಕ್ಕಿಳಿದವು. 2001ರ ಸೆಪ್ಟೆಂಬರ್ ಹೊತ್ತಿಗೆ ಅದೇ ಜಾಗದಲ್ಲಿ ಸಿಲಿಕಾನ್ ಬಿಲ್ಲೆಗಳ ಮೇಲೆ ಚಿಪ್ಪುಗಳು ಮೂಡತೊಡಗಿದ್ದವು. ನಡುವೆ ಹೋದದ್ದು 13 ತಿಂಗಳು.

ಆ ಕಾರ್ಖಾನೆಯ ಒಡೆತನ ಸೆಮಿಕಂಡಕ್ಟರ್ ಮ್ಯಾನುಫ್ಯಾಕ್ಚರಿಂಗ್ ಇಂಟರ್‌ನ್ಯಾಷನಲ್ ಕಾರ್ಪೊರೇಷನ್ ಎಂಬ ಕಂಪನಿಯದು. ಲೋಕವೆಲ್ಲ ಅದನ್ನು ಎಸ್‌ಎಂಐಸಿ ಎಂದು ಕರೆಯುತ್ತದೆ. ಅದರ ನೋಂದಣಿ ಕೇಮನ್ ದ್ವೀಪದಲ್ಲಿ, ಕೆಲಸ ಶಾಂಘೈಯಲ್ಲಿ. ಆರಂಭದ ಹಣದಲ್ಲಿ ಒಂದು ಪಾಲು ಅಮೆರಿಕದ ಹೂಡಿಕೆದಾರರದು, ಇನ್ನೊಂದು ಪಾಲು ಶಾಂಘೈ ನಗರಾಡಳಿತದ ಕಂಪನಿಯದು. ಅತ್ತ ಪೂರ್ತಿ ಸರ್ಕಾರಿಯೂ ಅಲ್ಲ, ಇತ್ತ ಪೂರ್ತಿ ಖಾಸಗಿಯೂ ಅಲ್ಲ. ಈ ಇಬ್ಬಂದಿಯ ಹುಟ್ಟು ಆಕಸ್ಮಿಕವಲ್ಲ. ಅದರ ಹಿಂದೆ 40 ವರ್ಷಗಳ ಸರ್ಕಾರಿ ಪ್ರಯತ್ನದ ಇತಿಹಾಸವಿದೆ. ಆ 40 ವರ್ಷಗಳಲ್ಲಿ ಚೀನಾದ ಪ್ರಭುತ್ವಕ್ಕೆ ವಿದ್ವಾಂಸರ ಕೊರತೆಯಿರಲಿಲ್ಲ. ಕೊನೆಕೊನೆಗೆ ಹಣದ ಕೊರತೆಯೂ ಇರಲಿಲ್ಲ. ಅದಕ್ಕೆ ಒದಗದೆ ಹೋದದ್ದು ವೇಳೆ. ಈ ಕಥನದ ಮುಖ್ಯ ಪಾತ್ರ ಒಬ್ಬ ಮನುಷ್ಯನಷ್ಟೇ ಅಲ್ಲ, ಕಾಲವೂ ಹೌದು ಎಂಬುದು ನನ್ನ ನಂಬಿಕೆ.

1956ರಲ್ಲಿ ಹೊಸ ಗಣರಾಜ್ಯ ತನ್ನ ವಿಜ್ಞಾನದ 12 ವರ್ಷಗಳ ಯೋಜನೆಯನ್ನು ಬರೆಯಿತು. ತುರ್ತಾಗಿ ಆಗಬೇಕಾದ ಕೆಲಸಗಳಲ್ಲಿ ಅರೆವಾಹಕಗಳ ಅಧ್ಯಯನವೂ ಒಂದು ಎಂದು ಅದರಲ್ಲಿ ನಮೂದಾಯಿತು. ಅದೇ ವರ್ಷ ಐದು ವಿಶ್ವವಿದ್ಯಾಲಯಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಒಟ್ಟುಗೂಡಿಸಿ ಪಾಠ ಆರಂಭಿಸಿದರು. ಅದರ ಮುಂದಾಳುಗಳು ಹುವಾಂಗ್ ಕುನ್ ಮತ್ತು ಶಿಯೆ ಶಿದೆ. ಹುವಾಂಗ್ ಕುನ್ ಇಂಗ್ಲೆಂಡಿನಲ್ಲಿ ಓದಿ, ಹರಳುಗಳ ಜಾಲದ ಚಲನೆಯ ಬಗ್ಗೆ ಮ್ಯಾಕ್ಸ್ ಬಾರ್ನ್ ಅವರೊಡನೆ ಮಹಾಗ್ರಂಥವೊಂದನ್ನು ಬರೆದವರು. ಈ ಬಾರ್ನ್ ನಮ್ಮವರಿಗೂ ಅಪರಿಚಿತರಲ್ಲ. ನಾತ್ಸಿಗಳ ಜರ್ಮನಿಯನ್ನು ಬಿಟ್ಟ ಮೇಲೆ, ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದು ಪಾಠ ಹೇಳಿದವರು. ಶಿಯೆ ಶಿದೆ ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದು 1952ರಲ್ಲಿ ತಾಯ್ನಾಡಿಗೆ ಮರಳಿದ್ದರು. ಇಬ್ಬರೂ ಕೂಡಿ ಬರೆದ ಅರೆವಾಹಕ ಭೌತಶಾಸ್ತ್ರದ ಪಠ್ಯ 1958ರಲ್ಲಿ ಅಚ್ಚಾಯಿತು. ಚೀನಾದ ಮುಂದಿನ ತಲೆಮಾರು ಆ ಪುಸ್ತಕ ಓದಿಯೇ ಬೆಳೆಯಿತು.

1957ರ ಜನವರಿಯಲ್ಲಿ ಲಿನ್ ಲಾನ್‌ಯಿಂಗ್ ಎಂಬ ಮಹಿಳೆ ಅಮೆರಿಕದಿಂದ ಹಡಗಿನಲ್ಲಿ ಬಂದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು, ಅಲ್ಲಿನ ಕಂಪನಿಯೊಂದರಲ್ಲಿ ಸಿಲಿಕಾನ್ ಹರಳು ಬೆಳೆಸುವ ಕೆಲಸದಲ್ಲಿ ಹಿರಿಯ ಎಂಜಿನಿಯರ್ ಆಗಿದ್ದವರು. ಹೊರಡುವಾಗ ಅಮೆರಿಕದ ಬಂದರಿನಲ್ಲಿ ತಪಾಸಣೆಯವರು ಅವರ ಸಾಮಾನೆಲ್ಲ ಕೆದಕಿದರು. ಅವರ ಉಳಿತಾಯದ 6,800 ಡಾಲರ್‌ಗಳ ಚೆಕ್ಕನ್ನು ಹಿಡಿದಿಟ್ಟುಕೊಂಡರು. ಔಷಧಿಯ ಡಬ್ಬಿಯೊಂದು ಮಾತ್ರ ಅವರ ಕೈ ತಪ್ಪಿತು. ಅದರೊಳಗೆ ಸುಮಾರು 500 ಗ್ರಾಂ ಜರ್ಮೇನಿಯಂ ಹರಳೂ 100 ಗ್ರಾಂ ಸಿಲಿಕಾನ್ ಹರಳೂ ಇದ್ದವು. ತಾಯ್ನಾಡಿಗೆ ಕಾಲಿಟ್ಟ ಮೇಲೆ ಆ ಡಬ್ಬಿಯನ್ನು ಅವರು ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದರು. ಮರುವರ್ಷವೇ ಅವರ ನೇತೃತ್ವದಲ್ಲಿ ಚೀನಾದ ಮೊದಲ ಸಿಲಿಕಾನ್ ಏಕಹರಳು ಸಿದ್ಧವಾಯಿತು. ಉಳಿತಾಯದ ಚೆಕ್ಕು ಹೋಗಲಿ, ಹರಳು ಉಳಿಯಲಿ ಎಂದು ಗಟ್ಟಿ ಮನಸ್ಸು ಮಾಡಿದ ಆ ಹೆಣ್ಣುಮಗಳನ್ನು ನೆನೆಯದೆ ಚೀನಾದ ಚಿಪ್ಪಿನ ಚರಿತ್ರೆ ಬರೆಯುವುದು ಅನ್ಯಾಯ.

ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಜ್ಯಾಕ್ ಕಿಲ್ಬಿ 1958ರಲ್ಲಿ ಮೊದಲ ಸಂಯೋಜಿತ ಮಂಡಲವನ್ನು, ಅಂದರೆ ಇಂದಿನ ಚಿಪ್ಪಿನ ಮೂಲರೂಪವನ್ನು ಮಾಡಿ ತೋರಿಸಿದರು. ಚೀನಾ ತನ್ನ ಮೊದಲ ಚಿಪ್ಪನ್ನು ಮಾಡಿದ್ದು 1965ರಲ್ಲಿ. ಏಳೇ ವರ್ಷಗಳ ಅಂತರ. ಹೊರಗಿನ ನೆರವು ನಿಂತುಹೋಗಿದ್ದ ಬಡ ದೇಶವೊಂದಕ್ಕೆ ಅದು ಸಣ್ಣ ಸಾಧನೆಯಾಗಿರಲಿಲ್ಲ. ಮರುವರ್ಷ ಸಾಂಸ್ಕೃತಿಕ ಕ್ರಾಂತಿ ಬಂತು. ಪಂಡಿತರೆಲ್ಲ ಶಂಕಿತರಾದರು. ಶಿಯೆ ಶಿದೆ ತಮ್ಮದೇ ವಿಶ್ವವಿದ್ಯಾಲಯದಲ್ಲಿ ಬಂಧನವನ್ನೂ ಅಪಮಾನವನ್ನೂ ಉಂಡರು. ಯುದ್ಧಭೀತಿಯಿಂದ ಪ್ರಯೋಗಾಲಯಗಳನ್ನು ಸಿಚುವಾನಿನ ಬೆಟ್ಟಗಳ ಒಳಕ್ಕೆ ಸಾಗಿಸಿದರು. ಓಣಿ ಓಣಿಗಳಲ್ಲಿ ಸಣ್ಣ ಸಣ್ಣ ಅರೆವಾಹಕ ಕಾರ್ಖಾನೆಗಳೆದ್ದವು.

ಅದರ ಫಲವೇನೆಂಬುದು 1977ರಲ್ಲಿ ಬಯಲಾಯಿತು. ಮತ್ತೆ ಅಧಿಕಾರಕ್ಕೆ ಬಂದ ಡೆಂಗ್ ಶಿಯಾವೊಪಿಂಗ್ ವಿಜ್ಞಾನಿಗಳನ್ನು ಕರೆಸಿ ಕೂರಿಸಿಕೊಂಡು ಅವರ ಮಾತು ಕೇಳಿದರು. ಅಮೆರಿಕದಲ್ಲಿ ಓದಿ 1950ರಲ್ಲೇ ಮರಳಿದ್ದ, ದೇಶದ ಮೊದಲ ಟ್ರಾನ್ಸಿಸ್ಟರ್ ಮಾಡಿದ ತಂಡದ ಹಿರಿಯ ವಾಂಗ್ ಶೌವು ಎದ್ದು ಲೆಕ್ಕ ಒಪ್ಪಿಸಿದರು. ದೇಶದಲ್ಲಿ 600ಕ್ಕೂ ಹೆಚ್ಚು ಅರೆವಾಹಕ ಕಾರ್ಖಾನೆಗಳಿವೆ. ಅವೆಲ್ಲ ಸೇರಿ ಇಡೀ ವರ್ಷ ಮಾಡುವ ಚಿಪ್ಪುಗಳು ಜಪಾನಿನ ಒಂದು ದೊಡ್ಡ ಕಾರ್ಖಾನೆ ಒಂದು ತಿಂಗಳಲ್ಲಿ ಮಾಡುವುದರ ಹತ್ತನೇ ಒಂದು ಭಾಗ ಮಾತ್ರ. ಪ್ರಭುಗಳ ಮುಂದೆ ಹೀಗೆ ಮುಚ್ಚುಮರೆಯಿಲ್ಲದೆ ಮಾತಾಡಿದ ಆ ವಿಜ್ಞಾನಿಯ ಎದೆಗಾರಿಕೆ ದೊಡ್ಡದು.

ಸರ್ಕಾರ ಈಗ ಹಣ ಬಿಚ್ಚಿತು. ತೈಹು ಸರೋವರದ ದಡದ ವುಶಿ ನಗರದಲ್ಲಿ 1960ರಿಂದಲೂ 742ನೇ ಕಾರ್ಖಾನೆ ಎಂಬುದೊಂದಿತ್ತು. 1980ರ ದಶಕದಲ್ಲಿ ಅದಕ್ಕೆ ಜಪಾನಿನ ತೋಷಿಬಾ ಕಂಪನಿಯಿಂದ ಒಂದು ಪೂರ್ಣ ಉತ್ಪಾದನಾ ಸಾಲನ್ನೇ ತಂದು ಕೂರಿಸಿದರು. 3 ಇಂಚಿನ ಬಿಲ್ಲೆಗಳ ಮೇಲೆ ಟಿವಿಗೆ ಬೇಕಾದ ಚಿಪ್ಪುಗಳು ಅಲ್ಲಿ ತಯಾರಾದವು. ಚೀನೀ ಮನೆಗಳಿಗೆ ಟಿವಿ ಬರುತ್ತಿದ್ದ ಕಾಲ ಅದು. ಆ ಟಿವಿಗಳ ಹೊಟ್ಟೆಯಲ್ಲಿ ವುಶಿಯ ಚಿಪ್ಪುಗಳಿದ್ದವು. ಬೆಟ್ಟ ಸೇರಿದ್ದ ಎಂಜಿನಿಯರುಗಳಲ್ಲಿ ಕೆಲವರು ವುಶಿಗೆ ಇಳಿದು ಬಂದರು. 1989ರಲ್ಲಿ ಎಲ್ಲವನ್ನೂ ಒಗ್ಗೂಡಿಸಿ ಹುವಾಜಿಂಗ್ ಎಂಬ ಸರ್ಕಾರಿ ಸಮೂಹವನ್ನು ರಚಿಸಿದರು.

1990ರಲ್ಲಿ ಆ ಹುವಾಜಿಂಗ್ ಮೇಲೆಯೇ ಭರವಸೆಯಿಟ್ಟು, 908 ಎಂಬ ಸಂಕೇತ ಸಂಖ್ಯೆಯ ಯೋಜನೆಯನ್ನು ಕೈಗೆತ್ತಿಕೊಂಡರು. ಅಂದಾಜು 200 ಕೋಟಿ ಯುವಾನ್. 6 ಇಂಚಿನ ಬಿಲ್ಲೆ. ತಿಂಗಳಿಗೆ 12,000 ಬಿಲ್ಲೆಗಳ ಗುರಿ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಮಂಜೂರಾತಿಗೆ 2 ವರ್ಷ ಹಿಡಿಯಿತು. ಯಂತ್ರವನ್ನೂ ತಂತ್ರವನ್ನೂ ಅಮೆರಿಕದಿಂದ ತರಿಸಲು 3 ವರ್ಷ. ಕಟ್ಟಡ ಏಳಲು ಮತ್ತೆ 2 ವರ್ಷ. ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿದ್ದ ಆ ಏಳು ವರ್ಷಗಳಲ್ಲಿ ಲೋಕದ ಚಿಪ್ ತಂತ್ರ ಎರಡು ಮೂರು ಪೀಳಿಗೆ ದಾಟಿತ್ತು. ಮಳೆ ನಿಂತ ಮೇಲೆ ಬಿತ್ತನೆಗೆ ಹೊರಟ ಹಾಗಾಯಿತು. ಕಾರ್ಖಾನೆ ಕೆಲಸ ಆರಂಭಿಸಿದಾಗ ತಿಂಗಳಿಗೆ 800 ಬಿಲ್ಲೆ ಮಾತ್ರ ಹೊರಬರುತ್ತಿತ್ತು. ಮೊದಲ ವರ್ಷದ ನಷ್ಟವೇ 24 ಕೋಟಿ ಯುವಾನ್. 1998ರಲ್ಲಿ ಅದನ್ನು ಹೊರಗಿನಿಂದ ಬಂದ ಚೀನೀ ಉದ್ಯಮಿಗಳ ತಂಡಕ್ಕೆ ವಹಿಸಿಕೊಟ್ಟರು. ಅವರ ಕೈಯಲ್ಲಿ ಅದು ಬೇರೆ ಕಂಪನಿಗಳ ವಿನ್ಯಾಸಕ್ಕೆ ಚಿಪ್ ಮಾಡಿಕೊಡುವ ಗುತ್ತಿಗೆ ಕಾರ್ಖಾನೆಯಾಗಿ ಮತ್ತೆ ಉಸಿರಾಡಿತು.

908 ಇನ್ನೂ ತೆವಳುತ್ತಿದ್ದಾಗಲೇ, 1995ರ ನವೆಂಬರ್‌ನಲ್ಲಿ ಅಧ್ಯಕ್ಷ ಜಿಯಾಂಗ್ ಜೆಮಿನ್ ದಕ್ಷಿಣ ಕೊರಿಯಾಕ್ಕೆ ಹೋಗಿ ಸ್ಯಾಮ್‌ಸಂಗ್‌ನ ಚಿಪ್ ಕಾರ್ಖಾನೆಯನ್ನು ಕಂಡರು. ಅವರು ಸ್ವತಃ ಎಂಜಿನಿಯರ್. ಹಿಂದೆ ವಿದ್ಯುನ್ಮಾನ ಖಾತೆಯ ಸಚಿವರಾಗಿದ್ದವರು. ತಮಗೂ ಕೊರಿಯನ್ನರಿಗೂ ಇರುವ ಅಂತರ ಕಂಡು ದಂಗಾಗಿ ಬಂದರು. ಅಲ್ಲಿಂದ 909 ಯೋಜನೆ ಹುಟ್ಟಿತು. 1,000 ಕೋಟಿ ಯುವಾನ್, ಕೇಂದ್ರ ಸರ್ಕಾರವೂ ಶಾಂಘೈ ನಗರವೂ ಕೂಡಿ. ಹೊಣೆ ಹೊತ್ತವರು ಹು ಚಿಲಿ. ಹಿಂದೆ ಪಕ್ಷದ ಅತ್ಯುನ್ನತ ಸಮಿತಿಯಲ್ಲಿದ್ದು 1989ರ ವಿದ್ಯಾರ್ಥಿ ಚಳವಳಿಯ ಏಟಿಗೆ ಸ್ಥಾನ ಕಳೆದುಕೊಂಡು, ಮತ್ತೆ ವಿದ್ಯುನ್ಮಾನ ಸಚಿವರಾಗಿ ಬಂದವರು. ಅವರು ಹುವಾಹೊಂಗ್ ಎಂಬ ಕಂಪನಿಯ ಅಧ್ಯಕ್ಷತೆ ವಹಿಸಿ, ಜಪಾನಿನ ಎನ್‌ಇಸಿಯೊಡನೆ 1997ರಲ್ಲಿ ಜಂಟಿ ಉದ್ಯಮ ಹೂಡಿದರು. 1999ರ ಫೆಬ್ರವರಿಯಲ್ಲೇ 8 ಇಂಚಿನ ಬಿಲ್ಲೆಗಳ ಮೇಲೆ ಮೆಮೊರಿ ಚಿಪ್ಪುಗಳು ಹೊರಬಂದವು. ಈ ಬಾರಿ ಪ್ರಭುತ್ವ ಕಾಲವನ್ನು ಗೆದ್ದಿತು. ಆದರೆ 2001ರಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಲೋಕದಾದ್ಯಂತ ಕುಸಿದು, ಹುವಾಹೊಂಗ್ ಒಂದೇ ವರ್ಷದಲ್ಲಿ 100 ಕೋಟಿ ಯುವಾನ್‌ಗೂ ಮೀರಿ ಕಳೆದುಕೊಂಡಿತು. ಮುಂದೆ ಗುರುತಿನ ಚೀಟಿ, ಬಸ್ಸು ರೈಲಿನ ಕಾರ್ಡುಗಳ ಚಿಪ್ಪು ಮಾಡಿ ಅದು ಚೇತರಿಸಿಕೊಂಡಿತು. ಅದರದು ಬೇರೆಯದೇ ಕಥೆ.

ಇಂಥ ಹೊತ್ತಿನಲ್ಲಿ ಝಾಂಗ್ ರುಜಿಂಗ್ ಶಾಂಘೈಗೆ ಬಂದರು.

ಅವರು ಹುಟ್ಟಿದ್ದು 1948ರಲ್ಲಿ, ನಾನ್‌ಜಿಂಗ್‌ನಲ್ಲಿ. ತಂದೆ ಝಾಂಗ್ ಶಿಲುನ್ ಉಕ್ಕಿನ ತಜ್ಞರು. ಜಪಾನೀ ದಾಳಿಯ ಕಾಲದಲ್ಲಿ ಚೀನಾದ ಸೈನ್ಯಕ್ಕೆ ಬೇಕಾದ ಉಕ್ಕನ್ನು ಕರಗಿಸಿದವರು. ಅಂತರ್ಯುದ್ಧ ಮುಗಿಯುವ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಕುಟುಂಬ ತೈವಾನಿಗೆ ದಾಟಿತು. ರುಜಿಂಗ್ ತೈವಾನಿನಲ್ಲಿ ಯಂತ್ರಶಾಸ್ತ್ರ ಓದಿ, ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಪಡೆದು, 1977ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸೇರಿದರು. ಅಲ್ಲಿ ಸುಮಾರು 20 ವರ್ಷ. ಆರಂಭದಲ್ಲಿ ಸಂಶೋಧನೆ, ಆಮೇಲೆ ಪೂರ್ತಿ ಕಾರ್ಖಾನೆ ಕಟ್ಟುವ ಕೆಲಸ. ಅಮೆರಿಕ, ಜಪಾನ್, ಇಟಲಿ, ಸಿಂಗಪುರ, ತೈವಾನ್ ಹೀಗೆ ಕಂಪನಿ ಕಳಿಸಿದ ಕಡೆಯಲ್ಲೆಲ್ಲ ಬರಿ ನೆಲದಿಂದ ಚಿಪ್ ಕಾರ್ಖಾನೆ ಎಬ್ಬಿಸಿ ಬಂದರು. ಅದೇ ಕಂಪನಿ 1985ರಲ್ಲಿ ಬೆಂಗಳೂರಿಗೂ ಬಂದು ವಿನ್ಯಾಸ ಕೇಂದ್ರ ತೆರೆಯಿತು. ನಮ್ಮ ಎಂಜಿನಿಯರುಗಳು ಅದರಿಂದ ಚಿಪ್ಪಿನ ನಕ್ಷೆ ಬರೆಯುವುದನ್ನು ಕಲಿತರು. ಕಾರ್ಖಾನೆ ಕಟ್ಟುವ ವಿದ್ಯೆ ನಮ್ಮ ಪಾಲಿಗೆ ಬರಲಿಲ್ಲ. ಝಾಂಗ್ ಅವರಿಗೆ ದಕ್ಕಿದ್ದು ಆ ವಿದ್ಯೆಯೇ.

ಮಗ ದೇಶ ದೇಶಗಳಲ್ಲಿ ಕಾರ್ಖಾನೆ ಕಟ್ಟಿ ಬರುವುದನ್ನು ನೋಡುತ್ತಿದ್ದ ತಂದೆ, ಚೀನಾದಲ್ಲಿ ಯಾವಾಗ ಕಟ್ಟುತ್ತೀಯ ಎಂದು ಕೇಳಿದ್ದರಂತೆ. ಮಗ ಆ ಮಾತನ್ನು ಮರೆಯಲಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟ ಮೇಲೆ ತೈವಾನಿನಲ್ಲಿ ಶಿದಾ ಎಂಬ ಚಿಪ್ ಕಂಪನಿಯನ್ನು ಮುನ್ನಡೆಸಿದರು. ಆದರೆ 2000ದ ಜನವರಿಯಲ್ಲಿ ಅದರ ಷೇರುದಾರರು ಸುಮಾರು 500 ಕೋಟಿ ಡಾಲರ್ ಬೆಲೆಗೆ ಅದನ್ನು ತೈವಾನಿನದೇ ಪ್ರತಿಸ್ಪರ್ಧಿ ಚಿಪ್ ಕಂಪನಿ ಟಿಎಸ್‌ಎಂಸಿಗೆ ಮಾರಿದರು. ಟಿಎಸ್‌ಎಂಸಿಯ ಸ್ಥಾಪಕ ಮಾರಿಸ್ ಚಾಂಗ್ ಕೂಡ ಹಿಂದೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರೇ. ಕಿಲ್ಬಿ ಸೇರಿದ 1958ರಲ್ಲೇ ಆ ಕಂಪನಿ ಸೇರಿದವರು. ಒಂದೇ ಗರಡಿಯ ಇಬ್ಬರು ಮಲ್ಲರು ಮುಂದೆ ಹತ್ತು ವರ್ಷ ಎದುರುಬದುರಾಗಿ ನಿಂತರು.

ತಾನು ನಡೆಸುತ್ತಿದ್ದ ಕಂಪನಿ ಮಾರಿಹೋದ ಮೇಲೆ ಝಾಂಗ್ ತೈವಾನಿನಲ್ಲಿ ಉಳಿಯಲಿಲ್ಲ. ಆಗ ಶಾಂಘೈಯಲ್ಲಿ ಜಿಯಾಂಗ್ ಶಾಂಗ್‌ಝೌ ಎಂಬ ಅಧಿಕಾರಿಯಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ಓದಿದ ಎಂಜಿನಿಯರ್. ಪುಡಾಂಗ್‌ನಲ್ಲಿ ಚಿಪ್ ಉದ್ಯಮದ ದೊಡ್ಡ ನೆಲೆಯನ್ನು ಕಟ್ಟಬೇಕೆಂದು ಪಟ್ಟು ಹಿಡಿದು ನಗರಾಡಳಿತವನ್ನು ಒಪ್ಪಿಸಿದವರು. ಅವರು ಝಾಂಗ್ ಅವರನ್ನು ಕರೆದೊಯ್ದು ಝಾಂಗ್‌ಜಿಯಾಂಗ್‌ನ ನೆಲ ತೋರಿಸಿದರು. ಪ್ರಭುತ್ವದೊಳಗೂ ಕಾಲದ ಬೆಲೆ ಬಲ್ಲವರು ಇದ್ದರು ಎಂಬುದಕ್ಕೆ ಈ ಅಧಿಕಾರಿಗಿಂತ ಬೇರೆ ಸಾಕ್ಷಿ ಬೇಡ. 2000ದ ಏಪ್ರಿಲ್‌ನಲ್ಲಿ ಕಂಪನಿಯ ನೋಂದಣಿಯಾಯಿತು. ಗೋಲ್ಡ್‌ಮನ್ ಸ್ಯಾಕ್ಸ್, ವಾಲ್ಡನ್ ಮುಂತಾದ ಹೊರಗಿನ ಹೂಡಿಕೆದಾರರೂ ನಗರದ ಶಾಂಘೈ ಇಂಡಸ್ಟ್ರಿಯಲ್ ಕಂಪನಿಯೂ ಹಣ ಹಾಕಿದರು. ಸಾಲವೂ ಸೇರಿ ಒಟ್ಟು ಸುಮಾರು 148 ಕೋಟಿ ಡಾಲರ್. ಪೀಕಿಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಾಂಗ್ ಯಾಂಗ್‌ಯುವಾನ್ ಅಧ್ಯಕ್ಷರ ಪೀಠದಲ್ಲಿ ಕುಳಿತರು. ಜೂನ್‌ನಲ್ಲಿ ಕೇಂದ್ರ ಸರ್ಕಾರ 18ನೇ ಸಂಖ್ಯೆಯ ಸುತ್ತೋಲೆ ಹೊರಡಿಸಿ, ಚಿಪ್ ಮಾಡುವವರಿಗೆ ತೆರಿಗೆ ವಿನಾಯಿತಿ ಘೋಷಿಸಿತು.

13 ತಿಂಗಳೆಂದರೇನು ಎಂಬುದು ತಿಳಿಯಬೇಕಾದರೆ ಆ ಕಾರ್ಖಾನೆಯ ಒಳಹೊಕ್ಕು ನೋಡಬೇಕು. ಶಾಂಘೈ ಕೂತಿರುವುದು ನದಿ ತಂದು ಹಾಕಿದ ಮೆತ್ತನೆಯ ಮಣ್ಣಿನ ಮೇಲೆ. ಚಿಪ್ ಅಚ್ಚೊತ್ತುವ ಯಂತ್ರವಾದರೋ ದೂರದ ಲಾರಿಯ ಅದುರಿಗೂ ಕೆಡುತ್ತದೆ. ಹಾಗಾಗಿ ಮೊದಲು ಕಂಬಗಳು ಆಳಕ್ಕೆ ಇಳಿಯಬೇಕು. ಅದರ ಮೇಲೆ ದಪ್ಪ ಹಾಸು, ಹಾಸಿನ ಮೇಲೆ ರಂಧ್ರಗಳಿರುವ ಎತ್ತರಿಸಿದ ನೆಲ. ಮೇಲ್ಛಾವಣಿಯಿಂದ ಸೋಸಿದ ಗಾಳಿ ಎಡೆಬಿಡದೆ ಕೆಳಗಿಳಿದು ಆ ರಂಧ್ರಗಳ ಮೂಲಕ ಹೊರಹೋಗಬೇಕು. ಕೂದಲಿನ ದಪ್ಪದ ನೂರರಲ್ಲೊಂದು ಪಾಲಿನ ಧೂಳಿನ ಕಣ ಬಿದ್ದರೂ ಚಿಪ್ ಕೆಟ್ಟಿತು. ಒಳಗೆ ದುಡಿಯುವವರು ತಲೆಯಿಂದ ಕಾಲಿನವರೆಗೆ ಬಿಳಿಯ ಮುಸುಕು ತೊಟ್ಟಿರುತ್ತಾರೆ. ಕಣ್ಣು ಮಾತ್ರ ಕಾಣುತ್ತದೆ. ಅಚ್ಚೊತ್ತುವ ಕೋಣೆಯಲ್ಲಿ ಬೆಳಕು ಹಳದಿ, ಏಕೆಂದರೆ ಬಿಲ್ಲೆಗೆ ಸವರಿದ ರಾಸಾಯನಿಕ ಬಿಳಿಯ ಬೆಳಕಿಗೆ ಪ್ರತಿಕ್ರಿಯಿಸುತ್ತದೆ. ಅಲ್ಲಿ ಬಿಲ್ಲೆಯ ಮೇಲೆ ಬೆಳಕಿನಿಂದ ಚಿತ್ರ ಮೂಡಿಸಿ, ಬೇಡದ್ದನ್ನು ಅನಿಲದಿಂದ ಕೊರೆದು, ಹೊಸ ಪದರ ಹಾಸಿ, ತೊಳೆದು, ಅಳೆದು, ಮತ್ತೆ ಚಿತ್ರ ಮೂಡಿಸುತ್ತಾರೆ. ಇಂಥ ನೂರಾರು ಹಂತಗಳನ್ನು ದಾಟಲು ಒಂದು ಬಿಲ್ಲೆಗೆ ವಾರಗಳೇ ಬೇಕು. ಪ್ರತಿ ಹಂತದಲ್ಲೂ ಎಷ್ಟು ಬಿಸಿ, ಎಷ್ಟು ಹೊತ್ತು, ಎಷ್ಟು ಅನಿಲ ಎಂಬ ಲೆಕ್ಕವಿದೆ. ಆ ಲೆಕ್ಕಗಳಲ್ಲಿ ಬಹಳಷ್ಟು ಯಾವ ಪುಸ್ತಕದಲ್ಲೂ ಇಲ್ಲ. ಹಿಂದೆ ಮಾಡಿ ಕೆಡಿಸಿ ಸರಿಪಡಿಸಿದವರ ತಲೆಯಲ್ಲಿ, ಕೈಯಲ್ಲಿ ಇವೆ.

ಆ ಕೈಗಳನ್ನು ಝಾಂಗ್ ತಮ್ಮೊಡನೆ ಕರೆತಂದರು. ತೈವಾನಿನಿಂದ ನೂರಾರು ಎಂಜಿನಿಯರುಗಳು ಸಂಸಾರ ಸಮೇತ ಬಂದರು. ಅಮೆರಿಕ, ಜಪಾನ್, ಕೊರಿಯಾ, ಯುರೋಪಿನಿಂದಲೂ ಹಳೆಯ ಜೊತೆಗಾರರು ಬಂದರು. ಅವರಿಗಾಗಿ ಕಾರ್ಖಾನೆಯ ಹತ್ತಿರವೇ ಮನೆಗಳೆದ್ದವು. ಮಕ್ಕಳಿಗೆ 2001ರಲ್ಲಿ ಶಾಲೆಯೂ ಆಯಿತು, ಚೀನೀ ಮತ್ತು ಇಂಗ್ಲಿಷ್ ಎರಡು ಭಾಷೆಗಳಲ್ಲೂ ಪಾಠ. ಶ್ರದ್ಧಾವಂತ ಕ್ರೈಸ್ತರಾದ ಝಾಂಗ್ ಆಡಂಬರವಿಲ್ಲದ ಮನುಷ್ಯರು. ಸಿಬ್ಬಂದಿಯ ಮಕ್ಕಳ ಓದು, ಬಡ ಪ್ರಾಂತಗಳ ಹಳ್ಳಿ ಶಾಲೆಗಳು ಎಂದರೆ ಅವರಿಗೆ ಕಾರ್ಖಾನೆಯಷ್ಟೇ ಕಾಳಜಿ. ಹೊಸ ಊರಿಗೆ ಜನರನ್ನು ಕರೆತರಬಹುದು, ನೆಲೆ ನಿಲ್ಲಿಸುವುದು ಕಷ್ಟ. ಅದಕ್ಕೆ ಸಂಬಳದ ಜೊತೆಗೆ ಸೂರೂ ಶಾಲೆಯೂ ಬೇಕೆಂದು ಅವರು ಕಂಡುಕೊಂಡಿದ್ದರು.

ಕಂಪನಿಯ ಏಳಿಗೆ ಆಗಿನ ಕಾಲಕ್ಕೆ ಬೆರಗು ಹುಟ್ಟಿಸುವಂಥದ್ದು. ಶಾಂಘೈಯಲ್ಲಿ ಕಾರ್ಖಾನೆಯ ಪಕ್ಕ ಕಾರ್ಖಾನೆ ಎದ್ದಿತು. ಜರ್ಮನಿಯ ಇನ್ಫಿನಿಯಾನ್ ಕಂಪನಿ ತನ್ನ ಮೆಮೊರಿ ತಂತ್ರವನ್ನು ಕೊಟ್ಟಿತು. ಟಿಯಾಂಜಿನ್‌ನಲ್ಲಿದ್ದ ಮೊಟೊರೊಲಾ ಕಾರ್ಖಾನೆ ಕೈ ಸೇರಿತು. 2004ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಮತ್ತು ಹಾಂಗ್‌ಕಾಂಗ್ ಷೇರುಪೇಟೆಗಳಲ್ಲಿ ಷೇರು ಬಿಡುಗಡೆ ಮಾಡಿ ಸುಮಾರು 180 ಕೋಟಿ ಡಾಲರ್ ಎತ್ತಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಚೀನಾದ ಮೊದಲ 12 ಇಂಚಿನ ಬಿಲ್ಲೆಯ ಕಾರ್ಖಾನೆ ತೆರೆಯಿತು. ಹುಟ್ಟಿ ನಾಲ್ಕೇ ವರ್ಷದಲ್ಲಿ ಗುತ್ತಿಗೆ ಚಿಪ್ ತಯಾರಕರ ಜಾಗತಿಕ ಪಟ್ಟಿಯ ಮೊದಲ ನಾಲ್ಕರೊಳಗೆ ಎಸ್‌ಎಂಐಸಿ ಬಂದು ನಿಂತಿತ್ತು. 2004ರಲ್ಲಿ ಲಾಭವೂ ಕೈಗೆ ಬಂತು.

ಅಷ್ಟರಲ್ಲಿ ವ್ಯಾಜ್ಯ ಹುಟ್ಟಿಯಾಗಿತ್ತು. ಷೇರು ಬಿಡುಗಡೆಯ ಸಿದ್ಧತೆ ನಡೆದಿದ್ದಾಗಲೇ, 2003ರ ಡಿಸೆಂಬರ್‌ನಲ್ಲಿ, ಟಿಎಸ್‌ಎಂಸಿ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿತು. ನಮ್ಮ ನೂರಕ್ಕೂ ಹೆಚ್ಚು ಮಂದಿಯನ್ನು ಸೆಳೆದುಕೊಂಡಿದ್ದಾರೆ, ಕೆಲವರಿಂದ ನಮ್ಮ ವ್ಯಾಪಾರದ ಗುಟ್ಟುಗಳನ್ನೂ ತರಿಸಿಕೊಂಡಿದ್ದಾರೆ ಎಂಬುದು ಆರೋಪ. 2005ರ ಜನವರಿಯಲ್ಲಿ ರಾಜಿಯಾಯಿತು: ಆರು ವರ್ಷಗಳಲ್ಲಿ 17.5 ಕೋಟಿ ಡಾಲರ್ ಕೊಡಬೇಕು. ತೈವಾನ್ ಸರ್ಕಾರವೂ ಅನುಮತಿಯಿಲ್ಲದೆ ಚೀನಾದಲ್ಲಿ ಹೂಡಿಕೆ ಮಾಡಿದ್ದಕ್ಕೆ ಝಾಂಗ್ ಅವರಿಗೆ ದಂಡ ಹಾಕಿತು. 2006ರ ಆಗಸ್ಟ್‌ನಲ್ಲಿ ಟಿಎಸ್‌ಎಂಸಿ ಮತ್ತೆ ನ್ಯಾಯಾಲಯಕ್ಕೆ ಹೋಯಿತು. ರಾಜಿಯ ಕರಾರು ಮುರಿದು ನಮ್ಮ ತಂತ್ರವನ್ನು ಇನ್ನೂ ಬಳಸುತ್ತಿದ್ದಾರೆ ಎಂದಿತು.

ಈ ವಿಷಯದಲ್ಲಿ ನನ್ನ ಮನಸ್ಸು ಸ್ಪಷ್ಟವಾಗಿದೆ. ಕಾಲದ ಹಿಂದೆ ಬಿದ್ದ ದೇಶದ ತಹತಹ ನನಗೆ ಅರ್ಥವಾಗುತ್ತದೆ. ಎಂಜಿನಿಯರ್ ತನ್ನ ತಲೆಯಲ್ಲಿರುವ ಅನುಭವವನ್ನು ಹೋದ ಕಡೆಗೆಲ್ಲ ಒಯ್ಯುತ್ತಾನೆ, ಅದನ್ನು ಯಾರೂ ತಡೆಯಲಾರರು, ತಡೆಯಬಾರದು ಕೂಡ. ಆದರೆ ಅನುಭವ ಬೇರೆ, ಇನ್ನೊಬ್ಬರ ಕಡತ ಬೇರೆ. 13 ತಿಂಗಳ ಆ ಅವಸರದಲ್ಲಿ ಈ ಎರಡರ ನಡುವಿನ ಗೆರೆ ಅಳಿಸಿತು. ಅದನ್ನು ಅಳಿಸಿದ್ದಕ್ಕೆ ದೇಶಪ್ರೇಮ ಸಮಜಾಯಿಷಿಯಾಗದು.

ವ್ಯಾಜ್ಯದ ಜೊತೆಗೆ ಲೆಕ್ಕದ ಪುಸ್ತಕವೂ ಕಾಡಿತು. ಚಿಪ್ ಯಂತ್ರಗಳ ಬೆಲೆ ವಿಪರೀತ. ಅವು ಹಳತಾಗುವುದು ಅದಕ್ಕಿಂತ ಬೇಗ. ಕೆಲವೇ ವರ್ಷಗಳಲ್ಲಿ ಅವುಗಳ ಬೆಲೆಯನ್ನೆಲ್ಲ ಸವಕಳಿಯೆಂದು ಖರ್ಚು ಹಾಕಿಕೊಳ್ಳಬೇಕು. ಒಂದು ಕಾರ್ಖಾನೆಯ ಸವಕಳಿ ಮುಗಿದು ಲಾಭ ಕಾಣುವ ಮೊದಲೇ ಝಾಂಗ್ ಇನ್ನೊಂದನ್ನು ಕಟ್ಟಲು ಹೊರಡುತ್ತಿದ್ದರು. ನಿಂತರೆ ಹಿಂದೆ ಬೀಳುತ್ತೇವೆ ಎಂಬ ಅವರ ಮಾತು ತಂತ್ರದ ದೃಷ್ಟಿಯಿಂದ ನಿಜ. ಷೇರುದಾರರ ಪಾಲಿಗೆ ಮಾತ್ರ 2005ರಿಂದ ಪ್ರತಿ ವರ್ಷವೂ ನಷ್ಟ. ಬೀಜಿಂಗ್ ಕಾರ್ಖಾನೆ ನೆಚ್ಚಿದ್ದ ಮೆಮೊರಿ ಚಿಪ್ಪುಗಳ ಬೆಲೆ ಮತ್ತೆ ಬಿದ್ದು, 2008ರಲ್ಲಿ ಆ ವ್ಯಾಪಾರವನ್ನೇ ಕೈಬಿಟ್ಟರು.

ಹಣವಿಲ್ಲದಾಗ ಅವರು ಮತ್ತೊಂದು ದಾರಿ ಹುಡುಕಿದ್ದರು. ಚೆಂಗ್ಡು, ವುಹಾನ್ ನಗರಗಳ ಸರ್ಕಾರಗಳು ತಮ್ಮ ಹಣದಲ್ಲಿ ಕಾರ್ಖಾನೆ ಕಟ್ಟಿಸುವುದು, ಎಸ್‌ಎಂಐಸಿ ಅದನ್ನು ನಡೆಸಿಕೊಡುವುದು. ಒಡೆತನ ಪ್ರಭುತ್ವದ್ದು, ಕೈ ಕಂಪನಿಯದು. ಈ ಏರ್ಪಾಟನ್ನು ಅನೇಕರು ಟೀಕಿಸಿದರು; ಆದರೆ 908ರ ಅನುಭವ ಉಂಡ ದೇಶದಲ್ಲಿ ಅದೊಂದು ಜಾಣ ನಡೆಯೆಂದೇ ನನಗೆ ತೋರುತ್ತದೆ. ಪ್ರಭುತ್ವಕ್ಕೆ ಎಷ್ಟು ವರ್ಷ ಬೇಕಾದರೂ ನಷ್ಟ ತಡೆದುಕೊಳ್ಳುವ ಬೆನ್ನಿತ್ತು. ಕಂಪನಿಗೆ ಬೇಗ ಕಟ್ಟುವ ಕೈಯಿತ್ತು.

2008ರ ಶರತ್ಕಾಲದಲ್ಲಿ ಲೋಕದ ಹಣಕಾಸು ವ್ಯವಸ್ಥೆ ಕುಸಿದಾಗ ಎಸ್‌ಎಂಐಸಿ ಹೊಸ ಹಣಕ್ಕಾಗಿ ಕೈಚಾಚಬೇಕಾಯಿತು. ಹಣ ಕೊಟ್ಟದ್ದು ಬೀಜಿಂಗ್‌ನ ಸರ್ಕಾರಿ ದೂರಸಂಪರ್ಕ ಸಮೂಹ ಡಾಟಾಂಗ್. ನವೆಂಬರ್‌ನಲ್ಲಿ ಸುಮಾರು 17.2 ಕೋಟಿ ಡಾಲರ್ ಕೊಟ್ಟು ಅದು 16.6 ಶೇಕಡಾ ಪಾಲು ಪಡೆಯಿತು. 2009ರ ಜೂನ್‌ನಲ್ಲಿ ಜಿಯಾಂಗ್ ಶಾಂಗ್‌ಝೌ ಕಂಪನಿಯ ಅಧ್ಯಕ್ಷರಾದರು. ಒಂಬತ್ತು ವರ್ಷದ ಹಿಂದೆ ಝಾಂಗ್ ಅವರಿಗೆ ನೆಲ ತೋರಿಸಿದ್ದ ಅಧಿಕಾರಿ ಈಗ ಅವರ ಮೇಲಿನ ಪೀಠದಲ್ಲಿ ಕುಳಿತಿದ್ದರು. ಕ್ಯಾನ್ಸರ್ ಆಗಲೇ ಅವರ ದೇಹವನ್ನು ಹೊಕ್ಕಿತ್ತು.

ಎಸ್‌ಎಂಐಸಿ ಟಿಎಸ್‌ಎಂಸಿಯ ವಿರುದ್ಧ ಬೀಜಿಂಗ್‌ನ ನ್ಯಾಯಾಲಯದಲ್ಲಿ ಹೂಡಿದ್ದ ಪ್ರತಿದಾವೆ ಅದೇ ಜೂನ್‌ನಲ್ಲಿ ಬಿದ್ದುಹೋಯಿತು. ತಾಯ್ನಾಡಿನ ನ್ಯಾಯಾಲಯವೇ ಕೈಬಿಟ್ಟ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ವಿಚಾರಣೆ ನಡೆಯಿತು. ನವೆಂಬರ್ ಮೊದಲ ವಾರ ಅಲಮೀಡಾ ಕೌಂಟಿಯ ಪಂಚರು 65 ಆರೋಪಗಳ ಪೈಕಿ 61ರಲ್ಲಿ ಎಸ್‌ಎಂಐಸಿ ತಪ್ಪು ಮಾಡಿದೆ ಎಂದು ತೀರ್ಪಿತ್ತರು. ದಿನಗಳಲ್ಲೇ ರಾಜಿಯಾಯಿತು: 20 ಕೋಟಿ ಡಾಲರ್ ನಗದು, ಅದರ ಮೇಲೆ ಕಂಪನಿಯ 8 ಶೇಕಡಾ ಷೇರು, ಇನ್ನೂ 2 ಶೇಕಡಾ ಕೊಳ್ಳುವ ಹಕ್ಕು. ನವೆಂಬರ್ 10ರಂದು ರಾಜಿಯ ಸುದ್ದಿಯೂ ಝಾಂಗ್ ರುಜಿಂಗ್ ರಾಜೀನಾಮೆಯ ಸುದ್ದಿಯೂ ಒಟ್ಟಿಗೆ ಹೊರಬಿದ್ದವು. ಆ ವರ್ಷದ ನಷ್ಟ ಸುಮಾರು 96 ಕೋಟಿ ಡಾಲರ್.

ಮರುವರ್ಷ, 2010ರಲ್ಲಿ, ಕಂಪನಿ 2004ರ ನಂತರ ಮೊದಲ ಬಾರಿಗೆ ವಾರ್ಷಿಕ ಲಾಭ ಕಂಡಿತು. 2011ರಲ್ಲಿ ಸರ್ಕಾರದ ಸಾರ್ವಭೌಮ ನಿಧಿ 25 ಕೋಟಿ ಡಾಲರ್ ತಂದು ಹಾಕಿತು. ಅದೇ ವರ್ಷ ಜೂನ್ 27ರಂದು ಜಿಯಾಂಗ್ ಶಾಂಗ್‌ಝೌ ತೀರಿಕೊಂಡರು. ಹೊರಗಿನ ಹೂಡಿಕೆ, ಸರ್ಕಾರಿ ಹೂಡಿಕೆ, ತೈವಾನಿನಿಂದ ಬಂದವರು, ಚೀನಾದಲ್ಲೇ ಬೆಳೆದವರು ಎಂದು ಹತ್ತು ದಿಕ್ಕಿಗೆ ಎಳೆಯುತ್ತಿದ್ದ ಮಂಡಳಿಯನ್ನು ಹಿಡಿದಿಟ್ಟಿದ್ದವರು ಅವರು. ಅವರು ಹೋದ ವಾರಗಳಲ್ಲೇ ಒಳಜಗಳ ಬೀದಿಗೆ ಬಂದು, ಝಾಂಗ್ ಬಳಿಕ ಬಂದಿದ್ದ ಮುಖ್ಯ ಕಾರ್ಯನಿರ್ವಾಹಕರೂ ಹುದ್ದೆ ಬಿಟ್ಟರು.

ಝಾಂಗ್ ಕಟ್ಟಿಸಿದ ಕಾರ್ಖಾನೆಗಳು ಬೇರೆ ಬೇರೆ ದಾರಿ ಹಿಡಿದವು. ಚೆಂಗ್ಡುವಿನದನ್ನು 2010ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡುಕೊಂಡಿತು. ಶಿಷ್ಯ ಎಬ್ಬಿಸಿದ ಕಾರ್ಖಾನೆ ಗುರುವಿನ ಮನೆ ಸೇರಿತು. ವುಹಾನಿನದರ ಬುಡದಲ್ಲಿ 2016ರಲ್ಲಿ ಯಾಂಗ್ತ್ಸೆ ಮೆಮೊರಿ ಎಂಬ ಸರ್ಕಾರಿ ಬೆಂಬಲದ ದೊಡ್ಡ ಕಂಪನಿ ಬೆಳೆಯಿತು. ಝಾಂಗ್ ಅವರಿಗೆ ಮಾತ್ರ ಮೂರು ವರ್ಷ ಚಿಪ್ ಉದ್ಯಮಕ್ಕೆ ಕೈ ಹಾಕುವಂತಿರಲಿಲ್ಲ. ಆ ವರ್ಷಗಳನ್ನು ಅವರು ಎಲ್‌ಇಡಿ ದೀಪಗಳ ಉದ್ಯಮದಲ್ಲಿ ಕಳೆದರು. 2014ರಲ್ಲಿ ಶಾಂಘೈಗೆ ಮರಳಿ, ಕಡಲ ಬದಿಯ ಲಿಂಗಾಂಗ್‌ನಲ್ಲಿ ಮತ್ತೊಂದು ಕಂಪನಿ ಆರಂಭಿಸಿದರು. ಈ ಬಾರಿ ಚಿಪ್ಪಿನದಲ್ಲ, ಚಿಪ್ ಮೂಡುವ 12 ಇಂಚಿನ ಸಿಲಿಕಾನ್ ಬಿಲ್ಲೆಯದು. ಚೀನಾದ ಕಾರ್ಖಾನೆಗಳು ಅದನ್ನು ಅಲ್ಲಿಯವರೆಗೂ ಹೊರದೇಶಗಳಿಂದಲೇ ತರಿಸುತ್ತಿದ್ದವು. ಆಗ ಅವರಿಗೆ 66 ವರ್ಷ.